‘ರಟ್ಟಿನ ಕಾರು’ ಮತ್ತು ಮೈಸೂರಿನ ಯೆಜ್ಡಿ: ಆ ಹೊಗೆಗೆ ಕಾರಣವೇನು?

ಜರ್ಮನಿಯ ಟ್ರಾಬಂಟ್ ಎಂಬ ಪುಟ್ಟ ಕಾರಿನ ಮಾತು ಬಂದಾಗಲೆಲ್ಲ ‘ಅದು ರಟ್ಟಿನಲ್ಲಿ ಮಾಡಿದ ಕಾರು, ಮಳೆಗೆ ನೆನೆದರೆ ಕರಗುತ್ತದೆ’ ಎನ್ನುವವರು ಸಿಗುತ್ತಾರೆ. ಇದು ನಿಜವಲ್ಲ. ನಿಜವಾದ ಕಥೆಗೆ ನಮ್ಮ ಮೈಸೂರಿನ ನಂಟೂ ಇದೆ.

ಎರಡನೇ ಮಹಾಯುದ್ಧದ ನಂತರ ಪೂರ್ವ ಜರ್ಮನಿಗೆ ಕಾರಿನ ಬಾಡಿಗೆ ಬೇಕಾದ ಉಕ್ಕಿನ ತಗಡು ಸಾಕಷ್ಟು ಸಿಗುತ್ತಿರಲಿಲ್ಲ. ಅಲ್ಲಿನ ಎಂಜಿನಿಯರುಗಳು ಹತ್ತಿಯ ತ್ಯಾಜ್ಯಕ್ಕೆ ರಾಳ ಬೆರೆಸಿ, ಬಿಸಿ ಮಾಡಿ, ಒತ್ತಿ ಗಟ್ಟಿ ಹಲಗೆ ತಯಾರಿಸಿದರು. ಅದರ ಹೆಸರು ಡ್ಯೂರೋಪ್ಲಾಸ್ಟ್. ಒಳಗಿನ ಚೌಕಟ್ಟು ಉಕ್ಕಿನದೇ, ಹೊದಿಕೆ ಮಾತ್ರ ಇದರದು. ಅದು ನೀರಿಗೆ ಕರಗುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ. ‘ರಟ್ಟು’ ಎಂದು ಮೊದಲು ಗೇಲಿ ಮಾಡಿದವರು ಆ ಕಾರು ಓಡಿಸುತ್ತಿದ್ದ ಜರ್ಮನರೇ.

1957ರಲ್ಲಿ ಝ್ವಿಕಾವ್ ಊರಿನಲ್ಲಿ ಶುರುವಾಗಿ 1991ರಲ್ಲಿ ನಿಂತ ಈ ಕಾರು ಮೂವತ್ತು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಹೆಸರು ಬರೆಸಿದ ಕುಟುಂಬ ಹತ್ತು ವರ್ಷಕ್ಕೂ ಮೀರಿ ಕಾಯಬೇಕಿತ್ತು. ನಮ್ಮಲ್ಲಿ ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮೈಸೂರು. ‘ಜಾವಾ’ ಎಂದರೆ ‘ಜಯಚಾಮರಾಜ ಒಡೆಯರ್’ ಹೆಸರಿನ ಮೊದಲಕ್ಷರಗಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾರ್ಖಾನೆಗೂ ಒಡೆಯರ್ ಅವರಿಗೂ ನಂಟಿದೆ, ಅದನ್ನು ಉದ್ಘಾಟಿಸಿದ್ದು ಅವರೇ. ಆದರೆ ಜಾವಾ ಹೆಸರು ಹುಟ್ಟಿದ್ದು 1929ರಲ್ಲಿ. ಒಡೆಯರ್ ಆಗ ಹತ್ತು ವರ್ಷದ ಹುಡುಗ! ಜೆಕ್ ಉದ್ಯಮಿ ಯಾನೆಚೆಕ್, ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕ್ ತಯಾರಿಸುವ ಹಕ್ಕು ಪಡೆದು, ಎರಡೂ ಹೆಸರುಗಳ ಮೊದಲೆರಡು ಅಕ್ಷರ ಸೇರಿಸಿದ. ಅದೇ ವಾಂಡರರ್ 1932ರಲ್ಲಿ ಔಡಿ, ಹಾರ್ಚ್, ಡಿಕೆಡಬ್ಲ್ಯೂ ಜೊತೆ ಒಂದಾಯಿತು. ಯುದ್ಧದ ನಂತರ ಟ್ರಾಬಂಟ್ ತಯಾರಾದದ್ದು ಝ್ವಿಕಾವ್‌ನಲ್ಲಿದ್ದ ಔಡಿ, ಹಾರ್ಚ್ ಕಾರ್ಖಾನೆಗಳಲ್ಲಿ. ಹಾಗಾಗಿ ಆ ಕಾರೂ ನಮ್ಮ ಬೈಕೂ ದೂರದ ದಾಯಾದಿಗಳು ಎನ್ನಬಹುದು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಬೈಕಿಗೆ 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಬಂತು. ಇದು ಮಾಲೀಕರಾದ ಇರಾನಿ ಕುಟುಂಬದ ಮೂಲ ನೆನಪಿಸುವ, ಇರಾನಿನ ಯಜ್ದ್ ನಗರದ ಹೆಸರು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್, ಹಿಂದೆ ಎರಡು ಸೈಲೆನ್ಸರ್. ಗಾವಡಗೆರೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಹಿರಿಯರನ್ನು ಕೇಳಿದರೆ ಅದರ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಕಾರು ಕೈಗೆಟುಕದ ಮನೆಗಳಲ್ಲಿ ಗಂಡ, ಹೆಂಡತಿ, ಮುಂದೆ ಟ್ಯಾಂಕಿನ ಮೇಲೊಂದು ಮಗು. ಫ್ಯಾಮಿಲಿ ಗಾಡಿ ಎಂದರೆ ಅದೇ.

ಎರಡರಲ್ಲೂ ಇದ್ದದ್ದು ಟು-ಸ್ಟ್ರೋಕ್ ಎಂಜಿನ್. ಇದರಲ್ಲಿ ವಾಲ್ವುಗಳ ಗೊಡವೆ ಇಲ್ಲ, ಬಿಡಿಭಾಗ ಕಡಿಮೆ, ಹಳ್ಳಿ ಮೆಕ್ಯಾನಿಕ್ ಮರದ ನೆರಳಲ್ಲೇ ಬಿಚ್ಚಿ ಕಟ್ಟಬಹುದು. ಟ್ರಾಬಂಟ್ ಎಂಜಿನ್ನಿನಲ್ಲಿ ಚಲಿಸುವ ಮುಖ್ಯ ಭಾಗಗಳೇ ಐದು: ಎರಡು ಪಿಸ್ಟನ್, ಎರಡು ಕನೆಕ್ಟಿಂಗ್ ರಾಡ್, ಒಂದು ಕ್ರ್ಯಾಂಕ್. ಆದರೆ ಪೆಟ್ರೋಲು ಸಿಲಿಂಡರಿಗೆ ಹೋಗುವುದೇ ಕ್ರ್ಯಾಂಕ್ ಇರುವ ಕೋಣೆಯ ಮೂಲಕ. ಆದ್ದರಿಂದ ಅಲ್ಲಿ ಆಯಿಲ್ ಬೇರೆಯಾಗಿ ನಿಲ್ಲಿಸಲು ಬರುವುದಿಲ್ಲ, ಪೆಟ್ರೋಲಿಗೇ ಬೆರೆಸಬೇಕು. ಬೆರೆಸಿದ್ದು ಸುಡುತ್ತದೆ, ಅರೆಬರೆ ಸುಟ್ಟಿದ್ದು ನೀಲಿ ಹೊಗೆಯಾಗುತ್ತದೆ. ಇದಲ್ಲದೆ, ಸುಟ್ಟ ಅನಿಲ ಹೊರಹೋಗುವ ಕಿಂಡಿಯೂ ಹೊಸ ಮಿಶ್ರಣ ಒಳಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಒಂದಿಷ್ಟು ಪೆಟ್ರೋಲು ಉರಿಯದೆಯೇ ಸೈಲೆನ್ಸರ್ ಪಾಲಾಗುತ್ತದೆ. ನಾವು ಬಂಕಿನಲ್ಲಿ ಕೊಟ್ಟ ದುಡ್ಡು ಗಾಳಿಗೆ, ಹಿಂದೆ ಬರುವವರ ಶ್ವಾಸಕೋಶಕ್ಕೆ.

‘ಅಂಥಾ ಗಾಡಿಯನ್ನು ಬೇಕೆಂದೇ ಮುಗಿಸಿದರು’ ಎಂಬ ಕೊರಗು ನಮಗೆ ಅರ್ಥವಾಗುತ್ತದೆ. ಕಾರ್ಖಾನೆ 1996ರಲ್ಲಿ ಮುಚ್ಚಿದಾಗ ಎಷ್ಟೋ ಮನೆಗಳ ಅನ್ನ ಹೋಯಿತು. ಆದರೆ ಕಾರಣ ಹುಡುಕಲು ಪಿತೂರಿಯವರೆಗೆ ಹೋಗಬೇಕಿಲ್ಲ. 1980ರ ದಶಕದಲ್ಲಿ ಬಂದ 100 ಸಿಸಿ ಫೋರ್-ಸ್ಟ್ರೋಕ್ ಬೈಕುಗಳು ಅದೇ ಪೆಟ್ರೋಲಿನಲ್ಲಿ ಬಹಳ ದೂರ ಹೋಗುತ್ತಿದ್ದವು. 1991ರಿಂದ ಹೊಗೆಗೂ ಮಿತಿ ಬಂತು, 1996ರಲ್ಲಿ ಅದು ಬಿಗಿಯಾಯಿತು. ಟ್ರಾಬಂಟ್‌ಗೆ ಆದದ್ದೂ ಹೆಚ್ಚುಕಡಿಮೆ ಇದೇ. 1989ರಲ್ಲಿ ಬರ್ಲಿನ್ ಗೋಡೆ ಬಿದ್ದು ಬೇರೆ ಕಾರು ಸಿಗುವಂತಾದ ಮೇಲೆ ಅದನ್ನು ಕೊಳ್ಳುವವರೇ ಇಲ್ಲವಾದರು. ಕೊನೆಗಾಲದಲ್ಲಿ ಫೋಕ್ಸ್‌ವ್ಯಾಗನ್ನಿನ ಫೋರ್-ಸ್ಟ್ರೋಕ್ ಎಂಜಿನ್ ಕೂರಿಸಿದರೂ ಉಳಿಯಲಿಲ್ಲ.

ಮನೆಯಲ್ಲಿ ಇನ್ನೂ ಯೆಜ್ಡಿ ಇಟ್ಟುಕೊಂಡವರಿಗೆ ಒಂದು ಮಾತು. ‘ಆಯಿಲ್ ಜಾಸ್ತಿ ಹಾಕಿದಷ್ಟೂ ಎಂಜಿನ್ ಬಾಳಿಕೆ’ ಎಂಬುದು ತಪ್ಪು. ಹೆಚ್ಚಾದರೆ ಪ್ಲಗ್ ಕಟ್ಟುತ್ತದೆ, ಸೈಲೆನ್ಸರಿನಲ್ಲಿ ಮಸಿ ತುಂಬುತ್ತದೆ, ಹೊಗೆ ಇಮ್ಮಡಿಸುತ್ತದೆ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಅಳತೆಯಲ್ಲಿ, ಟು-ಸ್ಟ್ರೋಕ್‌ಗೆಂದೇ ಮಾರುವ ಆಯಿಲ್ ಹಾಕಿ. ಟ್ರ್ಯಾಕ್ಟರಿನಿಂದ ಇಳಿಸಿದ ಹಳೇ ಆಯಿಲ್ ಬೇಡವೇ ಬೇಡ. ಮತ್ತೆ, ಬಾಗಿಲು ಮುಚ್ಚಿದ ಕೊಟ್ಟಿಗೆಯೊಳಗೆ ಸ್ಟಾರ್ಟ್ ಮಾಡಿ ನಿಲ್ಲಿಸಬೇಡಿ. ಆ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.