ಸೋತರೂ ನಷ್ಟವಿಲ್ಲದ ಒಂದು ಸ್ಪರ್ಧೆ ಬೇಕು

ಕಳೆದ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್ ಹಿಂದಿನ ರಾತ್ರಿ, ಓದುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಿದ್ದೆ. ಹಾಗೆ ಯೂಟ್ಯೂಬ್‌ನಲ್ಲಿ ಅಲೆಯುವಾಗ ಒಂದು ವಿಡಿಯೊ ಸಿಕ್ಕಿತು. ಅಮೆರಿಕದ ಯಾವುದೋ ಕ್ಲಬ್. ವೇದಿಕೆ ಮೇಲೆ ತಲೆ ನರೆತ ಗಿಟಾರ್ ವಾದಕ, ಟೈ ಸಡಿಲಿಸಿಕೊಂಡ ಡ್ರಮ್ಮರ್. ಹಾಡುತ್ತಿದ್ದಾಕೆಗೆ ಮೇಲಿನ ಸ್ವರ ಕೈಕೊಟ್ಟಿತು. ಆಕೆ ನಕ್ಕು ಮುಂದುವರಿಸಿದಳು. ಕೆಳಗಿದ್ದವರು ಇನ್ನೂ ಜೋರಾಗಿ ಶಿಳ್ಳೆ ಹೊಡೆದರು. ಯಾರಪ್ಪಾ ಇವರು ಎಂದು ವಿವರ ಓದಿದರೆ, ಅಷ್ಟೂ ಜನ ವಕೀಲರು!

ಇಂಟರ್ನಲ್ಸ್ ಪಾಡಿಗೆ ಅದು ಇರಲಿ ಎಂದು ಹುಡುಕುತ್ತಾ ಹೋದೆ. ವಾಷಿಂಗ್ಟನ್ ನಗರದಲ್ಲಿ ‘ಬ್ಯಾಂಡಿಂಗ್ ಟುಗೆದರ್’ ಎಂಬ ಸ್ಪರ್ಧೆಯಿದೆ. ಅಲ್ಲಿನ ಕಾನೂನು ಸಂಸ್ಥೆಗಳ ವಕೀಲರು ತಮ್ಮ ತಮ್ಮ ಆಫೀಸಿನ ರಾಕ್ ಬ್ಯಾಂಡ್ ಕಟ್ಟಿಕೊಂಡು ಬಂದು ‘ಬ್ಲ್ಯಾಕ್ ಕ್ಯಾಟ್’ ಎಂಬ ಕ್ಲಬ್‌ನಲ್ಲಿ ಒಂದರ ನಂತರ ಒಂದರಂತೆ ನುಡಿಸಿದ್ದಾರೆ. ಗೆಲುವನ್ನು ನಿರ್ಧರಿಸುವ ಬಗೆ ಇನ್ನೂ ಮಜವಾಗಿದೆ. ಅಲ್ಲಿ ದೇಣಿಗೆಯೇ ಮತ. ಒಂದು ಡಾಲರ್ ಕೊಟ್ಟರೆ ಒಂದು ಮತ. ಹೆಚ್ಚು ದುಡ್ಡು ಕೂಡಿಸಿದ ಬ್ಯಾಂಡ್ ಗೆದ್ದಂತೆ. ಆ ದುಡ್ಡು ವಕೀಲ ಸಮುದಾಯದವರೇ ಸ್ವಯಂಸೇವಕರಾಗಿ ನಡೆಸುವ ‘ಗಿಫ್ಟ್ಸ್ ಫಾರ್ ದ ಹೋಮ್‌ಲೆಸ್’ ಎಂಬ ಸಂಸ್ಥೆಗೆ ಹೋಗುತ್ತದೆ. ಸೂರಿಲ್ಲದವರಿಗೆ ಅದರಿಂದ ಬಟ್ಟೆ ಬರುತ್ತದೆ. ಲಂಡನ್‌ನಲ್ಲಿ 2009ರಲ್ಲಿ ಶುರುವಾದ ‘ಲಾ ರಾಕ್ಸ್’ ಕೂಡ ಇಂಥದ್ದೇ. ಅದು ಲಾಸ್ ಏಂಜಲೀಸ್‌ಗೂ ಹೋಯಿತು. ಅಲ್ಲಿ ವಕೀಲರು ನಿಂತು ನುಡಿಸಿದ್ದು ‘ವಿಸ್ಕಿ ಎ ಗೋ ಗೋ’ ಎಂಬ ಕ್ಲಬ್‌ನಲ್ಲಿ. 1966ರಲ್ಲಿ ‘ದ ಡೋರ್ಸ್’ ತಂಡ ದಿನಾ ನುಡಿಸುತ್ತಿದ್ದ ಜಾಗವದು.

ನನಗೆ ಅಚ್ಚರಿಯಾಗಿದ್ದು ಅವರ ಸಂಗೀತವಲ್ಲ, ಸಮಯ. ಅಮೆರಿಕದ ದೊಡ್ಡ ಕಾನೂನು ಸಂಸ್ಥೆಗಳಲ್ಲಿ ವಕೀಲರ ದಿನವನ್ನು ಆರು ನಿಮಿಷದ ತುಂಡುಗಳಾಗಿ ಕತ್ತರಿಸಿ ಬರೆದಿಡುತ್ತಾರೆ. ಅಂದರೆ ಗಂಟೆಯ ಹತ್ತನೇ ಒಂದು ಭಾಗ. ಕಕ್ಷಿದಾರನ ಜೊತೆ ಫೋನಿನಲ್ಲಿ ಮಾತಾಡಿದ್ದಕ್ಕೂ ಲೆಕ್ಕವಿದೆ, ಬಿಲ್ಲಿದೆ. ಎಷ್ಟೋ ಸಂಸ್ಥೆಗಳಲ್ಲಿ ವರ್ಷಕ್ಕೆ 1,900ರಿಂದ 2,000 ಗಂಟೆಗಳಷ್ಟು ಬಿಲ್ ಮಾಡಬೇಕೆಂಬ ಗುರಿ ಇರುತ್ತದೆ. ಎರಡು ಸಾವಿರವನ್ನು ಐವತ್ತು ವಾರಕ್ಕೆ ಹಂಚಿ ನೋಡಿ. ವಾರಕ್ಕೆ ನಲವತ್ತು ಗಂಟೆ ಬರೀ ಬಿಲ್ಲಿಗೇ ಆಯಿತು. ಬಿಲ್ಲಿಗೆ ಸೇರದ ಕೆಲಸ ಬೇರೆ. ಅಂಥವರು ವಾರದ ಯಾವುದೋ ಸಂಜೆ ಸೇರಿಕೊಂಡು, ಒಂದು ಪೈಸೆ ಬಿಲ್ ಆಗದ ಹಾಡೊಂದನ್ನು ತಿಂಗಳುಗಟ್ಟಲೆ ತಿದ್ದುತ್ತಾರೆ!

ಹಾಗಾದರೆ ‘ಟೈಮಿಲ್ಲ’ ಎನ್ನುವ ನಾನು ಯಾರು?

ನಾನು ಆರನೇ ಕ್ಲಾಸಿನಿಂದ ತಬಲಾ ಕಲಿಯುತ್ತಿದ್ದೆ. ಜೂನಿಯರ್ ಪರೀಕ್ಷೆ ಪಾಸಾದಾಗ ಮೇಷ್ಟ್ರು ಬೆನ್ನು ತಟ್ಟಿ, ‘ಕೈ ಬಿಡಬೇಡ’ ಎಂದಿದ್ದರು. ಎಸ್ಸೆಸ್ಸೆಲ್ಸಿ ಬಂತು. ಪರೀಕ್ಷೆ ಮುಗಿಯಲಿ ಎಂದರು ಅಪ್ಪ. ಪಿಯುಸಿ ಬಂತು, ಸಿಇಟಿ ಮುಗಿಯಲಿ ಎಂದರು. ಈಗ ಯಾರೂ ಹೇಳಬೇಕಿಲ್ಲ. ಪ್ಲೇಸ್‌ಮೆಂಟ್ ಮುಗಿಯಲಿ ಎಂದು ನಾನೇ ಹೇಳಿಕೊಳ್ಳುತ್ತೇನೆ. ತಬಲಾ ಊರಿನ ಮನೆಯ ಅಟ್ಟದ ಮೇಲೆ ಹಳೇ ಬೆಡ್‌ಶೀಟ್ ಹೊದ್ದು ಮಲಗಿದೆ.

ಹೋದ ತಿಂಗಳು ನಮಗೆ ಅಣಕು ಸಂದರ್ಶನ ನಡೆಯಿತು. ನನ್ನ ರೆಸ್ಯೂಮೆಯಲ್ಲಿ ಹವ್ಯಾಸದ ಜಾಗದಲ್ಲಿ ‘ತಬಲಾ’ ಎಂದಿತ್ತು. ಹೊರಗಿನಿಂದ ಬಂದಿದ್ದ ತರಬೇತುದಾರರು ಕೇಳಿದ ಪ್ರಶ್ನೆ: ‘ಇದರಿಂದ ಕಂಪನಿಗೆ ಏನು ಲಾಭ?’ ನಾನು ತಡವರಿಸಿದೆ. ‘ತೆಗೆದುಹಾಕಿ, ಕೋಡಿಂಗ್ ಅಂತ ಬರೀರಿ’ ಎಂದರು. ಬರೆದೆ. ಆ ಸಂಜೆ ಹಾಸ್ಟೆಲ್‌ಗೆ ಬಂದಾಗ ಸಿಟ್ಟು ಬಂದಿದ್ದು ಅವರ ಮೇಲಲ್ಲ. ಅಷ್ಟು ಸುಲಭವಾಗಿ ಬರೆದುಬಿಟ್ಟ ನನ್ನ ಮೇಲೆ.

ಯೋಚಿಸಿ ನೋಡಿದರೆ ನಮ್ಮ ಪೀಳಿಗೆಗೆ ಸ್ಪರ್ಧೆಯೇನೂ ಹೊಸತಲ್ಲ. ಸಿಇಟಿ ರ‍್ಯಾಂಕ್, ಸಿಜಿಪಿಎ, ಆಪ್ಟಿಟ್ಯೂಡ್ ಟೆಸ್ಟ್, ಗ್ರೂಪ್ ಡಿಸ್ಕಷನ್, ಎಲ್ಲದಕ್ಕೂ ಒಂದು ಕಟ್ ಆಫ್. ಸರ್ಕಾರಿ ನೌಕರಿಗೆ ಓದುತ್ತಿರುವ ಅಣ್ಣ-ಅಕ್ಕಂದಿರ ಕಥೆ ಇನ್ನೂ ಕಷ್ಟ. ಅಲ್ಲಿ ಅರ್ಧ ಅಂಕಕ್ಕೆ ಒಂದು ವರ್ಷವೇ ಹೋಗುತ್ತದೆ. ಇವೆಲ್ಲ ಸೋತರೆ ಏನೋ ಕಳೆದುಕೊಳ್ಳುವ ಸ್ಪರ್ಧೆಗಳು. ಅದನ್ನೇ ಆಡಿ ಆಡಿ, ಬೇರೆ ಬಗೆಯ ಸ್ಪರ್ಧೆಯೂ ಇರುತ್ತದೆ ಎನ್ನುವುದೇ ಮರೆತುಹೋಗಿದೆ. ಕಾಲೇಜ್ ಫೆಸ್ಟ್ ಕೂಡ ಹಾಗೇ ಆಗಿದೆ. ಮೊದಲ ವರ್ಷ ನಾವು ನಾಲ್ವರು ಸೇರಿ ಒಂದು ಬ್ಯಾಂಡ್ ಮಾಡಿದ್ದೆವು. ಮೊದಲ ಸುತ್ತಿನಲ್ಲೇ ಹೊರಬಿದ್ದೆವು. ಅದೇ ಕೊನೆ. ಮತ್ತೆ ಯಾರೂ ವಾದ್ಯ ಮುಟ್ಟಲಿಲ್ಲ. ಚೆನ್ನಾಗಿ ಬರದಿದ್ದರೆ ಮಾಡಲೇಬಾರದು ಎಂದು ನಮಗೆ ಯಾರೋ ಕಲಿಸಿಬಿಟ್ಟಿದ್ದಾರೆ.

ಆ ವಕೀಲರ ಸ್ಪರ್ಧೆ ಇದಕ್ಕೆ ತದ್ವಿರುದ್ಧ. ಅಲ್ಲಿ ಸೋತ ಬ್ಯಾಂಡ್ ಕೂಡಿಸಿದ ದುಡ್ಡಿನಿಂದಲೂ ಯಾರಿಗೋ ಬೆಚ್ಚನೆಯ ಬಟ್ಟೆ ಸಿಗುತ್ತದೆ. ಸ್ವರ ತಪ್ಪಿದವರೂ ಸೋಮವಾರ ಎಂದಿನಂತೆ ಆಫೀಸಿಗೆ ಹೋಗುತ್ತಾರೆ.

‘ಅವರಿಗೇನಪ್ಪಾ, ಲಕ್ಷಗಟ್ಟಲೆ ಸಂಬಳ. ಹೊಟ್ಟೆ ತುಂಬಿದವರ ಶೋಕಿ. ಸಂಸ್ಥೆಗೆ ಪುಕ್ಕಟೆ ಪ್ರಚಾರ ಬೇರೆ’ ಎಂದ ನನ್ನ ರೂಮ್‌ಮೇಟ್. ಅವನ ಮಾತಿನಲ್ಲಿ ಸತ್ಯವಿದೆ. ಶಿಕ್ಷಣ ಸಾಲದ ಕಂತು ತಲೆ ಮೇಲಿರುವವನಿಗೆ ಗಿಟಾರ್ ಕೊಳ್ಳು ಎಂದು ಉಪದೇಶ ಮಾಡುವುದು ಸುಲಭ. ಆದರೆ ಹವ್ಯಾಸ ಉಳ್ಳವರ ಸ್ವತ್ತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ನಮ್ಮೂರ ‘ಕುರುಕ್ಷೇತ್ರ’ ನಾಟಕ.

ತುಮಕೂರು, ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ರೈತರು, ಮೇಷ್ಟ್ರುಗಳು, ಅಂಗಡಿ ಇಟ್ಟವರು ತಾವೇ ದುಡ್ಡು ಹಾಕಿ ಪಾತ್ರ ಕಟ್ಟುತ್ತಾರೆ. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು. ಸಣ್ಣ ಪಾತ್ರಕ್ಕೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡಿಸುತ್ತಾರೆ. ನಮ್ಮ ಚಿಕ್ಕಪ್ಪ ಲೈನ್‌ಮನ್. ಹಗಲು ಕಂಬ ಹತ್ತಿ ಇಳಿದು, ರಾತ್ರಿ ಭೀಮನ ಮಾತು ಉರು ಹೊಡೆಯುತ್ತಿದ್ದರು. ನಾಟಕದ ದಿನ ಒಂದು ಕಂದಪದ್ಯದ ಅರ್ಧಕ್ಕೆ ಶ್ರುತಿ ಎಲ್ಲಿಗೋ ಹೋಯಿತು. ಜನ ನಕ್ಕರು, ಆದರೂ ನೋಟಿನ ಹಾರ ಹಾಕಿದರು. ಭೀಮನಾಗಿ ನಿಂತಿದ್ದರಿಂದ ಇಲಾಖೆಗೆ ಏನು ಲಾಭ ಎಂದು ಅವರನ್ನು ಯಾರೂ ಕೇಳಲಿಲ್ಲ. ವಾಷಿಂಗ್ಟನ್‌ನ ವಕೀಲರಿಗೂ ನಮ್ಮ ಚಿಕ್ಕಪ್ಪನಿಗೂ ಸಂಬಳದಲ್ಲಿ ಅಜಗಜಾಂತರ. ಆದರೆ ವೇದಿಕೆ ಮೇಲಿನ ಆ ಮುಖವಿದೆಯಲ್ಲ, ಅದು ಒಂದೇ.

ಅವರಿಬ್ಬರೂ ನನಗೆ ಕಲಿಸಿದ್ದು ಇಷ್ಟೇ: ಕೆಲಸ ನಮಗೆ ಅನ್ನ ಕೊಡಲಿ. ಆದರೆ ನಾವು ಯಾರು ಎನ್ನುವುದಕ್ಕೆ ಅದೊಂದೇ ಉತ್ತರ ಆಗಬಾರದು. ನಾಳೆ ಆಫರ್ ಲೆಟರ್ ಬರುವುದು ತಡವಾಗಬಹುದು, ಬಂದ ನೌಕರಿ ಹೋಗಲೂಬಹುದು. ಆಗ ‘ನಾನು ಕೋಡಿಂಗ್’ ಎಂದಷ್ಟೇ ಬರೆದುಕೊಂಡವನ ಬಳಿ ಏನು ಉಳಿಯುತ್ತದೆ?

ಹಾಗಾಗಿ ನಮ್ಮ ಕಾಲೇಜುಗಳಿಗೆ ಒಂದು ಸಣ್ಣ ಬೇಡಿಕೆ. ಸೆಮಿಸ್ಟರ್‌ಗೆ ಒಂದು ಸಂಜೆ ಕೊಡಿ. ಸಿವಿಲ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್, ಒಂದೊಂದು ವಿಭಾಗದಿಂದ ಒಂದೊಂದು ತಂಡ. ಮೇಷ್ಟ್ರುಗಳೂ ಇರಲಿ, ಲ್ಯಾಬ್ ಸಹಾಯಕರೂ ಇರಲಿ. ಮೊದಲ ಸುತ್ತು ಬೇಡ, ತೀರ್ಪುಗಾರರು ಬೇಡ, ಸರ್ಟಿಫಿಕೇಟ್ ಅಂತೂ ಬೇಡವೇ ಬೇಡ. ಹತ್ತು ರೂಪಾಯಿಗೆ ಒಂದು ಮತ. ಕೂಡಿದ ದುಡ್ಡಿನಲ್ಲಿ ಪರೀಕ್ಷಾ ಶುಲ್ಕ ಕಟ್ಟಲಾಗದ ಗೆಳೆಯರ ಶುಲ್ಕ ಕಟ್ಟೋಣ. ಗೆದ್ದವರಿಗೆ ಒಂದು ಚಪ್ಪಾಳೆ, ಸೋತವರಿಗೆ ಎರಡು.

ಅಲ್ಲಿಯವರೆಗೆ ಕಾಯುವುದು ಬೇಡ ಎಂದು ಹೋದ ವಾರ ಊರಿಗೆ ಹೋದಾಗ ಅಟ್ಟ ಹತ್ತಿದೆ. ಬಾಯಾದ ಚರ್ಮ ಸಡಿಲವಾಗಿದೆ, ರಿಪೇರಿಗೆ ಕೊಟ್ಟಿದ್ದೇನೆ. ದಾಯಾ ಇನ್ನೂ ಗಟ್ಟಿಯಾಗಿದೆ. ಅದನ್ನೇ ಹಾಸ್ಟೆಲ್‌ಗೆ ತಂದೆ. ಭಾನುವಾರ ಟೆರೇಸ್ ಮೇಲೆ ಕೂತು ತೀನ್ ತಾಲ್ ಠೇಕಾ ಹಿಡಿದರೆ ಹನ್ನೊಂದನೇ ಮಾತ್ರೆಗೇ ಲಯ ತಪ್ಪಿತು. ಪಕ್ಕದಲ್ಲಿ ಬಟ್ಟೆ ಒಣಗಿಸುತ್ತಿದ್ದ ಹಳೇ ಬ್ಯಾಂಡಿನ ಗಿಟಾರಿಸ್ಟ್ ನಕ್ಕ. ನಂತರ ‘ಇರು, ಬಂದೆ’ ಎಂದು ಕೆಳಗೆ ಓಡಿದ.

ರೆಸ್ಯೂಮೆಯನ್ನೂ ತಿದ್ದಿದ್ದೇನೆ. ಹವ್ಯಾಸ: ತಬಲಾ. ಕಂಪನಿಗೆ ಏನು ಲಾಭ ಎಂದು ಯಾರಾದರೂ ಕೇಳಿದರೆ, ‘ಗೊತ್ತಿಲ್ಲ ಸರ್, ನನಗಂತೂ ಇದೆ’ ಎನ್ನುತ್ತೇನೆ.