ಹರಳನ್ನು ಕೊಂಡರಷ್ಟೇ ಸಾಲದು
ಗಾಮಾ ಕಿರಣಗಳಿಂದ ದೇಹದ ಒಳಚಿತ್ರವನ್ನು ಪಡೆಯಲು ಸೋಡಿಯಂ ಅಯೊಡೈಡಿನ ಹಳೆಯ ಕ್ಯಾಮೆರಾಗಳೇ ಸಾಕಾಗಿರುವಾಗ ಅರೆವಾಹಕ ಶೋಧಕಗಳನ್ನು ನಮ್ಮಲ್ಲಿಯೇ ನಿರ್ಮಿಸಹೊರಡುವುದು ವ್ಯರ್ಥವ್ಯಯವೆಂದು ಇತ್ತೀಚೆಗೆ ಪ್ರಕಟವಾದ ಲೇಖನವೊಂದು ಸಾರಿರುವುದನ್ನು ಚೆನ್ನೈನ ಪೆರುಂಗುಡಿಯ ನಿವಾಸಿಯಾದ ನಾನು ಒಪ್ಪಲಾರೆನು.

ಹಾಲ್ ಆಂಗರ್ 1950ರ ದಶಕದಲ್ಲಿ ರಚಿಸಿದ ಆ ಕ್ಯಾಮೆರಾದ ಉಪಕಾರವು ನಿರ್ವಿವಾದವಾದುದು. ಆದರೆ ಅದರಲ್ಲಿ ಕಿರಣವು ಮೊದಲು ಬೆಳಕಿನ ಮಿನುಗಾಗಿ, ಮಿನುಗು ಬಳಿಕ ವಿದ್ಯುತ್ಸಂಕೇತವಾಗಿ ಮಾರ್ಪಡಬೇಕಾಗಿರುವುದರಿಂದ, ರೋಗಿಯ ದೇಹಕ್ಕೆ ಸೇರಿಸುವ ವಿಕಿರಣಶೀಲ ಟೆಕ್ನೀಷಿಯಂ ಹೊಮ್ಮಿಸುವ 140 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಶಕ್ತಿಯನ್ನು ಅಳೆಯುವಲ್ಲಿ ಶೇಕಡ 10ರ ಆಸುಪಾಸಿನ ಅಸ್ಪಷ್ಟತೆ ಉಳಿಯುತ್ತದೆ. ಕಿರಣವನ್ನು ನೇರವಾಗಿ ವಿದ್ಯುದಾವೇಶವಾಗಿಸುವ ಅರೆವಾಹಕವಾದ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡಿನಲ್ಲಿ ಅದು ಸುಮಾರು 6ಕ್ಕೆ ಇಳಿಯುವುದರಿಂದ, ದೇಹದೊಳಗೆ ಚದರಿ ದಾರಿತಪ್ಪಿದ ಕಿರಣಗಳನ್ನು ಹೆಚ್ಚು ನಿಖರವಾಗಿ ಬೇರ್ಪಡಿಸಲು ಸಾಧ್ಯ. ಜರ್ಮೇನಿಯಂ ಇನ್ನೂ ಸೂಕ್ಷ್ಮವಾದರೂ ಅದಕ್ಕೆ ತೀವ್ರ ಶೈತ್ಯ ಬೇಕು. ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡಾದರೋ ಕೊಠಡಿಯ ಉಷ್ಣತೆಯಲ್ಲಿಯೇ ದುಡಿಯುತ್ತದೆ.

ಬೇಕಾದಾಗ ಹೊರಗಿನಿಂದ ತರಿಸಿಕೊಳ್ಳೋಣವೆಂಬ ವಾದವಂತೂ ದುರ್ಬಲ. 2015ರಲ್ಲಿ ಶ್ರೀಹರಿಕೋಟದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಇದೇ ವಸ್ತುವಿನ ಶೋಧಕಗಳಿದ್ದವು. ಉಪಕರಣವನ್ನು ಕಟ್ಟಿದವರು ನಮ್ಮ ವಿಜ್ಞಾನಿಗಳು, ಶೋಧಕಗಳು ಬಂದುದು ಇಸ್ರೇಲಿನಿಂದ. ಅಂದಿಗೆ ಅದು ವಿವೇಕವೇ. ಶಾಶ್ವತ ನೀತಿಯಾದರೆ ಪರಾಧೀನತೆ. ಟೆಲ್ಯುರಿಯಂ ಕಣಗಳು ಒಳಸೇರದಂತೆ, ಆವೇಶವು ನಡುವೆ ಸಿಕ್ಕಿಬೀಳದಂತೆ ದೊಡ್ಡ ಹರಳನ್ನು ಬೆಳೆಸುವ ಕೌಶಲವು ಹಣ ಕೊಟ್ಟೊಡನೆ ಬರತಕ್ಕುದಲ್ಲ, ದೀರ್ಘಾಭ್ಯಾಸದಿಂದ ಮಾತ್ರ ಸಿದ್ಧಿಸತಕ್ಕುದು. ಪೆರುಂಗುಡಿಗೆ ಸಮೀಪದ ಗಿಂಡಿಯಲ್ಲಿ, ಅಣ್ಣಾ ವಿಶ್ವವಿದ್ಯಾಲಯದೊಳಗೆ, ಸ್ಫಟಿಕಗಳನ್ನು ಬೆಳೆಸುವುದಕ್ಕೆಂದೇ ಒಂದು ಕೇಂದ್ರವಿದೆ. ಇಂತಹ ಪ್ರಯೋಗಾಲಯಗಳೂ ಆಸ್ಪತ್ರೆಗಳ ಭೌತವಿಜ್ಞಾನಿಗಳೂ ಕೂಡಿ ದುಡಿಯುವಂತೆ ಸರ್ಕಾರವು ಹಲವು ವರ್ಷಗಳ ಸ್ಥಿರ ಧನಸಹಾಯವನ್ನು ಒದಗಿಸಬೇಕು. ಲೇಖಕರೂ ತಮ್ಮ ಅಭಿಪ್ರಾಯವನ್ನು ಪುನರ್ವಿಮರ್ಶಿಸಬೇಕೆಂದು ಪ್ರಾರ್ಥಿಸುತ್ತೇನೆ.