ವರ್ತುಲ ರೈಲು: ಪಶ್ಚಿಮದ ಕಮಾನು ಮೊದಲಾಗಲಿ

ಬೆಂಗಳೂರಿನ ಪಶ್ಚಿಮ ಅಂಚಿನ ಉಲ್ಲಾಳ ಎರಡು ದೊಡ್ಡ ಕೈಗಾರಿಕಾ ವಲಯಗಳ ನಡುವೆ ಬೆಳೆದ ಬಡಾವಣೆ. ಅದರ ಉತ್ತರಕ್ಕೆ 1970ರ ದಶಕದಿಂದ ಸಣ್ಣ ಕೈಗಾರಿಕೆಗಳ ನೆಲೆಯಾಗಿರುವ ಪೀಣ್ಯವಿದ್ದರೆ, ನೈರುತ್ಯಕ್ಕೆ ಮೈಸೂರು ರಸ್ತೆಯ ಕುಂಬಳಗೋಡು ಮತ್ತು 1999ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರು ತಯಾರಿಕೆ ಆರಂಭಿಸಿದ ಬಳಿಕ ಹಿಗ್ಗುತ್ತಲೇ ಬಂದಿರುವ ಬಿಡದಿ ಇವೆ. ಈ ಎರಡು ವಲಯಗಳ ನಡುವೆ ನಗರವನ್ನು ಹೊಗದೆ ಹಾದುಹೋಗುವ ರೈಲು ಹಳಿ ಇಲ್ಲದಿರುವುದರಿಂದ, ಉಕ್ಕು, ಬಿಡಿಭಾಗ, ಕಂಟೇನರ್ ಎಲ್ಲವೂ ನೈಸ್ ರಸ್ತೆ ಮತ್ತು ಹೊರವರ್ತುಲ ರಸ್ತೆಗಳ ಲಾರಿಗಳನ್ನೇ ನಂಬಿಕೊಂಡಿವೆ. ಉಲ್ಲಾಳ, ಮಲ್ಲತ್ತಹಳ್ಳಿ, ಕೆಂಗೇರಿಯ ಜನ ದಿನವೂ ಅನುಭವಿಸುವ ದೂಳು, ಸದ್ದು ಮತ್ತು ವಾಹನದಟ್ಟಣೆಯಲ್ಲಿ ಈ ಕೊರತೆಯ ಪಾಲೂ ಇದೆ.

ಇರುವ ಹಳಿಯನ್ನೇ ಇದಕ್ಕೆ ಬಳಸಬಾರದೇಕೆ ಎಂಬ ಪ್ರಶ್ನೆ ಸಹಜವಾದರೂ ಉತ್ತರ ಸುಲಭವಲ್ಲ. 1876–78ರ ಭೀಕರ ಕ್ಷಾಮದ ಹಿನ್ನೆಲೆಯಲ್ಲಿ ಮೈಸೂರು ಸಂಸ್ಥಾನ ಕೈಗೆತ್ತಿಕೊಂಡು 1882ರಲ್ಲಿ ಬೆಂಗಳೂರಿನಿಂದ ಮೈಸೂರಿನವರೆಗೆ ಮುಗಿಸಿದ ಮೀಟರ್ ಗೇಜ್ ಮಾರ್ಗ ಮುಂದೆ ಬ್ರಾಡ್ ಗೇಜ್ ಆಯಿತು, ಜೋಡಿ ಹಳಿಯಾಯಿತು, ವಿದ್ಯುದೀಕರಣಗೊಂಡಿತು. ಜೋಡಿ ಹಳಿಗಾಗಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನೇ 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಬೇಕಾಯಿತು. ಇಷ್ಟೆಲ್ಲ ಶ್ರಮದಿಂದ ಹೆಚ್ಚಿದ ಸಾಮರ್ಥ್ಯವನ್ನು ಬಹುಮಟ್ಟಿಗೆ ಪ್ರಯಾಣಿಕ ರೈಲುಗಳೇ ಬಳಸಿಕೊಳ್ಳುತ್ತಿವೆ. ಮಾರ್ಗ ಸಾಮರ್ಥ್ಯ ಎಂದರೆ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ದಿನವೊಂದರಲ್ಲಿ ಸುರಕ್ಷಿತವಾಗಿ ಓಡಿಸಬಹುದಾದ ರೈಲುಗಳ ಸಂಖ್ಯೆ. ಅದು ತುಂಬುತ್ತ ಬಂದಾಗ ವೇಳಾಪಟ್ಟಿಗೆ ಬದ್ಧವಾದ ಪ್ರಯಾಣಿಕ ರೈಲಿಗೆ ದಾರಿ ಬಿಟ್ಟು, ಸರಕು ರೈಲು ನಿಲ್ದಾಣದ ಬದಿಯ ಲೂಪ್ ಹಳಿಯಲ್ಲಿ ಕಾಯಬೇಕಾಗುತ್ತದೆ. ಬಿಡದಿಯಿಂದ ಹೊರಟ ಸರಕು ತುಮಕೂರಿನ ದಿಕ್ಕಿಗೆ ಹೋಗಬೇಕಾದರೆ ಕೆಂಗೇರಿ, ಜ್ಞಾನಭಾರತಿ, ನಾಯಂಡಹಳ್ಳಿಗಳನ್ನು ದಾಟಿ ನಗರದ ನಡುಭಾಗವನ್ನೇ ಹೊಕ್ಕು ಹೊರಬರಬೇಕು. ಮೈಸೂರು–ಹಾಸನದ ದಾರಿ ಇದ್ದರೂ ಅದು ದೊಡ್ಡ ಸುತ್ತು. ಉಪನಗರ ರೈಲು ಯೋಜನೆಯ ‘ಪಾರಿಜಾತ’ ಮಾರ್ಗವೂ ಕೆಂಗೇರಿಯಿಂದಲೇ ವೈಟ್‌ಫೀಲ್ಡ್ ಕಡೆಗೆ ಹೊರಡಬೇಕಿದೆ. ಈ ಕಿರಿದಾದ ಪಟ್ಟಿಯಲ್ಲಿ ಸರಕಿಗಾಗಿ ಇನ್ನೊಂದು ಜೋಡಿ ಹಳಿ ಹಾಸುವುದು ಮನೆಗಳನ್ನು ಕೆಡವದೆ ಆಗುವ ಕೆಲಸವಲ್ಲ. ಆಗಬಾರದ ಕೆಲಸವೂ ಹೌದು.

ಆದ್ದರಿಂದ ಪರಿಹಾರವನ್ನು ಉಲ್ಲಾಳದ ಒಳಗಲ್ಲ, ಅದರ ಆಚೆಗೆ ಹುಡುಕಬೇಕು. ರೈಲ್ವೆ ಇಲಾಖೆ ಮುಂದಿಟ್ಟಿರುವ, ಸುಮಾರು 287 ಕಿ.ಮೀ. ಉದ್ದದ ಬೆಂಗಳೂರು ವರ್ತುಲ ರೈಲು ಮಾರ್ಗದ ಪ್ರಸ್ತಾವ ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಹೆಜ್ಜಾಲ ಮತ್ತು ಸೋಲೂರುಗಳನ್ನು ಬಳೆಯಂತೆ ಸುತ್ತಿ ಬರುತ್ತದೆ. ಈ ಬಳೆಯ ಪಶ್ಚಿಮದ ತುಂಡು, ಅಂದರೆ ಹೆಜ್ಜಾಲದಿಂದ ಸೋಲೂರಿನ ಮೂಲಕ ನಿಡವಂದದವರೆಗಿನ ಕಮಾನು, ಒಟ್ಟು ಉದ್ದದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಮೂರು ಮುಖ್ಯ ಮಾರ್ಗಗಳನ್ನು ಅದೊಂದೇ ಬೆಸೆಯುತ್ತದೆ. ಹೆಜ್ಜಾಲ ಬಿಡದಿಯ ನೆರೆಯ, ಮೈಸೂರು ಮಾರ್ಗದ ನಿಲ್ದಾಣ. ಸೋಲೂರು 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಕುಣಿಗಲ್–ಹಾಸನ ಮಾರ್ಗದ ಮೇಲಿದೆ. ನಿಡವಂದವು ತುಮಕೂರು, ಅರಸೀಕೆರೆ, ಹುಬ್ಬಳ್ಳಿಗಳತ್ತ ಸಾಗುವ ಮಾರ್ಗದಲ್ಲಿದೆ. ಇಡೀ ವರ್ತುಲಕ್ಕೆ ಹಣ ಮತ್ತು ಜಮೀನು ಒದಗುವವರೆಗೆ ಕಾಯದೆ ಈ ಕಮಾನನ್ನು ಮೊದಲ ಹಂತವಾಗಿ ಕೈಗೆತ್ತಿಕೊಳ್ಳಲು ಇಷ್ಟು ಕಾರಣವೇ ಸಾಕು.

ಇನ್ನೂ ಬಲವಾದ ಕಾರಣವೊಂದು ನಿಡವಂದದ ಪಕ್ಕದಲ್ಲಿದೆ. ದಾಬಸ್‌ಪೇಟೆ ಬಳಿಯ ಮುದ್ದಲಿಂಗನಹಳ್ಳಿಯಲ್ಲಿ ಸುಮಾರು 400 ಎಕರೆಯ ಬಹುಮಾದರಿ ಸರಕು ಸಾಗಣೆ ಪಾರ್ಕ್‌ಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ರೈಲು, ಲಾರಿ, ಗೋದಾಮು, ಸುಂಕ ತಪಾಸಣೆಗಳನ್ನು ಒಂದೇ ಆವರಣಕ್ಕೆ ತಂದು, ಸರಕು ಒಂದು ವಾಹನದಿಂದ ಇನ್ನೊಂದಕ್ಕೆ ಬದಲಾಗುವಾಗ ಆಗುವ ವೆಚ್ಚವನ್ನು ತಗ್ಗಿಸುವುದು ಇಂಥ ಪಾರ್ಕ್‌ನ ಉದ್ದೇಶ. ಬೆಂಗಳೂರಿನ ಒಳನಾಡು ಕಂಟೇನರ್ ಡಿಪೊ ಮತ್ತು ಉಪ ಸರಕು ಟರ್ಮಿನಲ್ ನಗರದ ಪೂರ್ವ ತುದಿಯ ವೈಟ್‌ಫೀಲ್ಡ್‌ನಲ್ಲಿರುವುದರಿಂದ, ಪಶ್ಚಿಮದ ಕಾರ್ಖಾನೆಯ ಕಂಟೇನರ್ ರೈಲು ಹತ್ತುವ ಮುನ್ನವೇ ಊರನ್ನು ಅಡ್ಡಲಾಗಿ ದಾಟಬೇಕು. ಪಶ್ಚಿಮದ ಕಮಾನು ಬಂದರೆ ಬಿಡದಿಯ ಸರಕು ಹಳಿಯ ಮೇಲೆಯೇ ಮುದ್ದಲಿಂಗನಹಳ್ಳಿ ಸೇರಬಲ್ಲದು. ಅದಿಲ್ಲದಿದ್ದರೆ ಆ ಪಾರ್ಕ್ ಬಿಡದಿಯ ಪಾಲಿಗೆ ಇನ್ನೊಂದು ಲಾರಿ ನಿಲ್ದಾಣವಾಗಿಯಷ್ಟೇ ಉಳಿಯುವ ಅಪಾಯವಿದೆ.

ಹಳಿ ಹಾಸಿದ ಮಾತ್ರಕ್ಕೆ ಸರಕು ಬರುವುದಿಲ್ಲ ಎಂಬುದನ್ನೂ ಯೋಜಕರು ಮರೆಯಬಾರದು. ರೈಲ್ವೆಯ ಲೆಕ್ಕಾಚಾರ ನಿಂತಿರುವುದು ರೇಕ್‌ನ ಮೇಲೆ, ಅಂದರೆ ಒಂದೇ ಕಡೆಯಿಂದ ಒಂದೇ ಕಡೆಗೆ ಹೋಗುವ ಪೂರ್ತಿ ರೈಲಿನ ಮೇಲೆ. 45 ವ್ಯಾಗನ್‌ಗಳ ಕಂಟೇನರ್ ರೇಕ್ ಒಂದರಲ್ಲಿ 20 ಅಡಿಯ 90 ಪೆಟ್ಟಿಗೆಗಳು ಹಿಡಿಯುತ್ತವೆ. ದೊಡ್ಡ ಕಾರು ಕಂಪನಿಗೆ ಅದನ್ನು ತುಂಬುವ ಶಕ್ತಿ ಇರಬಹುದು. ಪೀಣ್ಯದ ಯಂತ್ರಭಾಗ ತಯಾರಕರಿಗೆ ವಾರಕ್ಕೊಂದು ಪೆಟ್ಟಿಗೆ ತುಂಬಿದರೂ ಹೆಚ್ಚು. ಹಲವರ ಸಣ್ಣ ಸಣ್ಣ ಸರಕನ್ನು ಒಟ್ಟುಗೂಡಿಸಿ, ನಿಗದಿತ ದಿನ, ನಿಗದಿತ ಹೊತ್ತಿಗೆ ಹೊರಡಿಸುವ ವ್ಯವಸ್ಥೆ ಇಲ್ಲದಿದ್ದರೆ ರೈಲು ದೊಡ್ಡವರ ಸವಲತ್ತಾಗಿಯೇ ಉಳಿಯುತ್ತದೆ. ಖಾಸಗಿಯವರೂ ಸರಕು ಟರ್ಮಿನಲ್ ಕಟ್ಟಲು ಅವಕಾಶ ಕೊಡುವ ಗತಿಶಕ್ತಿ ಕಾರ್ಗೊ ಟರ್ಮಿನಲ್ ನೀತಿ 2021ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಹೆಜ್ಜಾಲದಲ್ಲಿ ಅಂಥದೊಂದು ಟರ್ಮಿನಲ್ ಬರುವುದಾದರೆ, ಅದರಲ್ಲಿ ಸಣ್ಣ ಉದ್ಯಮಿಗಳಿಗೆ ಮೀಸಲು ಜಾಗ ಇರಬೇಕೆಂಬ ಷರತ್ತನ್ನು ರಾಜ್ಯ ಸರ್ಕಾರ ಆರಂಭದಲ್ಲೇ ವಿಧಿಸುವುದು ಒಳ್ಳೆಯದು. ಕಡಿಮೆ ದೂರದ ಸಾಗಣೆಯಲ್ಲಿ ಲಾರಿಯನ್ನು ಮೀರಿಸುವುದು ರೈಲಿಗೆ ಕಷ್ಟ, ಏಕೆಂದರೆ ಎರಡೂ ತುದಿಗಳಲ್ಲಿ ಸರಕನ್ನು ಇಳಿಸಿ ಏರಿಸಬೇಕು. ಬಂದರಿಗೆ ಮತ್ತು ಉತ್ತರ ಭಾರತಕ್ಕೆ ಹೋಗುವ ದೂರದ ಸರಕೇ ಈ ಮಾರ್ಗದ ನಿಜವಾದ ಗಿರಾಕಿ.

ಬಂದರಿನ ಮಾತು ಬಂದಾಗ ಹಾಸನದ ದಾರಿಯ ಬಗ್ಗೆ ಅತಿಯಾದ ಭರವಸೆ ಸಲ್ಲದು. ಸೋಲೂರಿನಿಂದ ಮಂಗಳೂರಿಗೆ ನಕ್ಷೆಯಲ್ಲಿ ನೇರ ದಾರಿ ಕಂಡರೂ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ, ಪ್ರತಿ 50 ಮೀಟರ್‌ಗೆ ಒಂದು ಮೀಟರ್‌ನಷ್ಟು ಕಡಿದಾದ ಏರಿದೆ, ಭಾರದ ರೈಲಿಗೆ ಹಿಂದಿನಿಂದ ನೂಕುವ ಹೆಚ್ಚುವರಿ ಎಂಜಿನ್ ಬೇಕು. ಆ ಇಕ್ಕಟ್ಟು ಸಡಿಲವಾಗುವವರೆಗೆ ಬೆಂಗಳೂರಿನ ರಫ್ತು ಚೆನ್ನೈ ಕಡೆಗೇ ಮುಖ ಮಾಡಿರುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ಜಮೀನಿನ ಪ್ರಶ್ನೆ. ಇದೇ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೂಲಕ ಚಾಮರಾಜನಗರಕ್ಕೆ 1996–97ರಲ್ಲಿ ಮಂಜೂರಾದ ಹೊಸ ಮಾರ್ಗ ಕಾಲು ಶತಮಾನ ಕಳೆದರೂ ಕಾಗದದಲ್ಲೇ ಉಳಿಯಿತು. ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವೆ ಬಿಡಿಎ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆಯ ನಾಡಪ್ರಭು ಕೆಂಪೇಗೌಡ ಬಡಾವಣೆ ರೂಪಿಸಿತು. ಉಲ್ಲಾಳದ ಸುತ್ತ ವಿಶ್ವೇಶ್ವರಯ್ಯ ಬಡಾವಣೆ ಅದಕ್ಕೂ ಮೊದಲೇ ಬಂದಿತ್ತು. ಮನೆಗೆ ಸಾವಿರಾರು ಎಕರೆ ಗುರುತಿಸಿದಾಗ ಸರಕಿನ ಹಳಿಗೆ ಒಂದು ಪಟ್ಟಿ ನೆಲವನ್ನಾದರೂ ಕಾಯ್ದಿರಿಸಿದ್ದರೆ ಇಂದಿನ ಚರ್ಚೆ ಬೇರೆಯೇ ಆಗಿರುತ್ತಿತ್ತು. ಆ ಅವಕಾಶ ಕೈತಪ್ಪಿದ್ದಕ್ಕೆ ಬೆಲೆ ತೆರುತ್ತಿರುವವರು ಅಲ್ಲಿ ಮನೆ ಕಟ್ಟಿಕೊಂಡ ಸಾಮಾನ್ಯರು ಎಂಬುದು ನೋವಿನ ಸಂಗತಿ. ಈಗ ಬಿಡದಿಯಲ್ಲಿ ಹೊಸ ಉಪನಗರದ ಯೋಜನೆಗೆ ರೈತರು ವಿರೋಧ ಒಡ್ಡಿದ್ದಾರೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಡಬೇಕಾಯಿತು. ಹಳಿಗೆ ಬೇಕಾಗುವುದು ಕಿರಿದಾದ ಉದ್ದ ಪಟ್ಟಿ, ಆದರೆ ಆ ಪಟ್ಟಿ ಹೊಲವನ್ನು ಎರಡಾಗಿ ಸೀಳುತ್ತದೆ. ಆದ್ದರಿಂದ ಪರಿಹಾರದ ಮೊತ್ತದಷ್ಟೇ ಮುಖ್ಯವಾಗಿ ಎತ್ತಿನ ಗಾಡಿ, ಟ್ರ್ಯಾಕ್ಟರ್ ದಾಟುವ ಕೆಳಸೇತುವೆಗಳ ಜಾಗವನ್ನು ಸಮೀಕ್ಷೆಯ ಹಂತದಲ್ಲೇ ಊರಿನವರೊಂದಿಗೆ ಕೂತು ತೀರ್ಮಾನಿಸಬೇಕು.

ಈ ಕಮಾನು ಮಾಗಡಿ ತಾಲ್ಲೂಕನ್ನು ಹಾಯುವುದರಿಂದ ನೀರಿನ ವಿಚಾರವೂ ಎದುರಾಗುತ್ತದೆ. ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನವನ್ನು ಕಾಪಾಡಲು 2003ರಲ್ಲೇ ಸರ್ಕಾರಿ ಆದೇಶ ಹೊರಬಿದ್ದಿದೆ. ಹಳಿಯ ಏರಿಗಳು ಕೆರೆಗೆ ಹರಿಯುವ ಹಳ್ಳಗಳನ್ನು ತಡೆಯದಂತೆ ಮೋರಿಗಳು ಬೇಕು. ಇಂಧನ ಮತ್ತು ರಾಸಾಯನಿಕ ಇಳಿಸುವ ಯಾರ್ಡ್‌ಗಳು ಆ ಜಲಾನಯನದ ಹೊರಗೇ, ಹೆಜ್ಜಾಲ ಅಥವಾ ನಿಡವಂದದ ತುದಿಯಲ್ಲಿ ಇರಬೇಕು. ಬಿಡದಿ ಉಪನಗರದ ನಕ್ಷೆ ಅಂತಿಮಗೊಳ್ಳುವ ಮುನ್ನವೇ ಹೆಜ್ಜಾಲದ ಟರ್ಮಿನಲ್‌ಗೂ ಅಲ್ಲಿಂದ ಹೊರಡುವ ಜೋಡಿ ಹಳಿಗೂ ಬೇಕಾದ ನೆಲವನ್ನು ರಾಜ್ಯ ಸರ್ಕಾರ ಅದರಲ್ಲಿ ಗುರುತಿಸಿ, ನೈರುತ್ಯ ರೈಲ್ವೆಗೆ ಲಿಖಿತವಾಗಿ ತಿಳಿಸಬೇಕಾಗಿದೆ.